ದೊರೆಯನ್ನು ಕಂಡವರು ಕೊಲಂಬೊದಲ್ಲಿದ್ದಾರೆ

ಗದಗ

ನಾನು ಪರದೇಶಕ್ಕೆ ಹೋಗಿಬಂದಿದ್ದೇನೆ ಎಂದರೆ ನಮ್ಮ ಓಣಿಯಲ್ಲಿ ಈಗಲೂ ಅರ್ಧ ಜನ ನಂಬುವುದಿಲ್ಲ. ಉಳಿದ ಅರ್ಧ ಜನ, ಶ್ರೀಲಂಕಾ ಅದೆಂಥ ಪರದೇಶ, ರಾಮೇಶ್ವರಕ್ಕೆ ಹೋದವರು ಕಣ್ಣು ತಪ್ಪಿ ಇನ್ನಷ್ಟು ಮುಂದೆ ಹೋದರೆ ಸಿಗುವ ಊರು ಎನ್ನುತ್ತಾರೆ. ಎರಡೂ ಪಕ್ಷದೊಡನೆ ನನಗೆ ತಕರಾರಿಲ್ಲ. ಹುಬ್ಬಳ್ಳಿಗೆ ಹೊರಟರೂ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಅಣ್ಣಿಗೇರಿಯವರೆಗೆ ಚಿಂತೆ ಮಾಡುವವನು ನಾನು. ಹೆಂಡತಿ ಮನೆಯಲ್ಲೇ ಇದ್ದಾಳೆ, ಕೀಲಿಯ ಪ್ರಶ್ನೆಯೇ ಇಲ್ಲ ಎಂಬುದು ಅಣ್ಣಿಗೇರಿ ದಾಟಿದ ಮೇಲೆ ಹೊಳೆಯುತ್ತದೆ. ಅಂಥವನು ಸಮುದ್ರ ದಾಟಿದೆ. ದಾಟಿಸಿದ್ದು ಕ್ರಿಕೆಟ್ಟು.

ಪಾಸ್‌ಪೋರ್ಟಿನವರಿಗೆ ಹೇಳಿದ ಕಾರಣ ಬೇರೆ. ಗದಗಿನ ಮಾರುಕಟ್ಟೆಯಲ್ಲಿ ಒಂದು ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ ನಾನು. ನಮ್ಮ ಮಾಲು ಕೊಲಂಬೊಕ್ಕೂ ಹೋಗುತ್ತಿತ್ತು. ಅಲ್ಲಿನ ವ್ಯಾಪಾರಿ ಯೂಸುಫ್ ಭಾಯಿ, ಈ ಸಲದ ಕಾಯಿಯ ಬಣ್ಣ ಸರಿಯಿಲ್ಲ, ಯಾರಾದರೂ ಬಂದು ನೋಡಿ ಎಂದು ಹೇಳಿ ಕಳಿಸಿದ್ದರು. ನಮ್ಮ ಮಾಲಕರಿಗೆ ಭೀಷ್ಮಕೆರೆಯ ದಂಡೆಯಲ್ಲಿ ನಿಂತರೂ ತಲೆ ತಿರುಗುತ್ತದೆ. ಹೀಗಾಗಿ ನನ್ನನ್ನು ಹೊರಡಿಸಿದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ರಾಮೇಶ್ವರದಿಂದ ಹಡಗು ಇನ್ನೂ ಓಡಾಡುತ್ತಿತ್ತು.

ನಿಜವಾದ ಕಾರಣ ತಿಳಿಯಬೇಕಾದರೆ ನಮ್ಮ ನಾಲ್ಕೂರಿನ ಪಂದ್ಯದ ವಿಷಯ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ತಂಡಗಳು ಕಪ್ಪು ಎರಿಮಣ್ಣಿನ ಮೇಲೆ ನಾರಿನ ಮ್ಯಾಟು ಹಾಸಿ ಕ್ರಿಕೆಟ್ ಆಡುವುದು ವರ್ಷ ವರ್ಷ ನಡೆದುಬಂದದ್ದು. ನಾನು ಅದರ ಕಾರ್ಯದರ್ಶಿ. ಆಟ ಗೊತ್ತಿದೆ ಎಂದು ನನ್ನನ್ನು ಆರಿಸಿದ್ದಲ್ಲ, ಮ್ಯಾಟು ಇಟ್ಟುಕೊಳ್ಳಲು ನಮ್ಮ ಮನೆಯ ಅಟ್ಟದಲ್ಲಿ ಜಾಗವಿತ್ತು. ಪಂದ್ಯದ ಎರಡು ಕಂಬಗಳು ಬೆಟಗೇರಿಯ ಮಹಬೂಬಸಾಬ ಮತ್ತು ಲಕ್ಷ್ಮೇಶ್ವರದ ಚನ್ನಪ್ಪ. ಮಹಬೂಬಸಾಬ ನೇಕಾರರ ನೂಲಿಗೆ ಬಣ್ಣ ಹಾಕುವವನು. ಅವನ ಕೈ ಮೊಳಕೈವರೆಗೆ ಒಂದು ವಾರ ನೀಲಿ, ಒಂದು ವಾರ ಕೆಂಪು. ಚನ್ನಪ್ಪನದು ಅರಿವೆ ಅಂಗಡಿ. ಗದಗಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಚನ್ನಪ್ಪ ಸಂತೆಗೆ ಬಂದಾಗಲೆಲ್ಲ ಇಬ್ಬರೂ ನಮ್ಮ ಅಂಗಡಿಯ ಚೀಲಗಳ ಮೇಲೆ ಕೂತು, ಸೀನುತ್ತ, ಒಂದೇ ವಾದವನ್ನು ವರ್ಷಗಟ್ಟಲೆ ಮಾಡಿದರು: ಎಲ್ಲ ಕಾಲಕ್ಕೂ ದೊಡ್ಡ ಬ್ಯಾಟ್ಸ್‌ಮನ್ ಯಾರು?

ಆ ಆಟಗಾರರ ನಿಜ ಹೆಸರು ಬರೆಯುವುದಿಲ್ಲ. ಬರೆದರೆ ಓದುವ ನೀವೂ ಎರಡು ಪಕ್ಷವಾಗುತ್ತೀರಿ. ನಮ್ಮಲ್ಲಿ ನಡೆಯುತ್ತಿದ್ದ ಹೆಸರನ್ನೇ ಹೇಳುತ್ತೇನೆ. ಮಹಬೂಬಸಾಬನ ದೇವರು ಆಸ್ಟ್ರೇಲಿಯಾದ ಒಬ್ಬ ಹಳಬ. ಅವನಿಗೆ ‘ದೊರೆ’ ಅನ್ನುತ್ತಿದ್ದರು. ಚನ್ನಪ್ಪನ ದೇವರು ಆಗ ನಮ್ಮ ದೇಶಕ್ಕೆ ಆಡುತ್ತಿದ್ದವನು, ಅವನು ‘ಗಿಡ್ಡ’. ಶಿರಹಟ್ಟಿಯವರು ಚನ್ನಪ್ಪನ ಕಡೆ. ಮುಂಡರಗಿಯವರ ದಾರಿಯೇ ಬೇರೆ. ದೊರೆಯೂ ಇಲ್ಲ, ಗಿಡ್ಡನೂ ಇಲ್ಲ, ತಮ್ಮ ಡೋಣಿ ಹಳ್ಳಿಯ ಫಕೀರಪ್ಪನನ್ನು ಮೀರಿಸಿದವರು ಹುಟ್ಟಿಲ್ಲ ಎನ್ನುತ್ತಿದ್ದರು. ಅವನು ಹೊಡೆದ ಚೆಂಡು ಕಪ್ಪತಗುಡ್ಡದ ಕಡೆ ಹೋದದ್ದು ಇನ್ನೂ ಬಂದಿಲ್ಲವಂತೆ.

ವಾದ ಕೆಟ್ಟದ್ದು ಒಂದು ಸಂತೆಯ ದಿನ. ಗಿಡ್ಡನ ಆಟವನ್ನು ಚನ್ನಪ್ಪ ಬೆಂಗಳೂರಿಗೆ ಹೋಗಿ ಕಣ್ಣಾರೆ ನೋಡಿ ಬಂದಿದ್ದ. ಬಿಸಿಲಿಗೆ ಅವನ ಮೂಗಿನ ಚರ್ಮ ಸುಲಿದದ್ದೇ ಅದಕ್ಕೆ ಸಾಕ್ಷಿ. ಆ ಜೋರಿನಲ್ಲಿ ಕೇಳಿದ:

“ನೀ ಕಂಡೀಯೇನಲೇ ನಿಮ್ಮ ದೊರಿನ್ನ? ಇಲ್ಲ. ಕಣ್ಣೀಲೆ ನೋಡದ ಮಾಲಿಗೆ ಈ ಅಂಗಡ್ಯಾಗ ಯಾರರ ದರಾ ಕಟ್ತಾರೇನು?”

“ನಮ್ಮಪ್ಪಾ ಹೇಳ್ಯಾನ.”

“ನಿಮ್ಮಪ್ಪ ಪೇಪರಿನಾಗ ಓದಿದ್ದಕ್ಕ ಖಾರಾ ಹಚ್ಚಿ ಹೇಳ್ಯಾನ.”

ಮಹಬೂಬಸಾಬನ ತಂದೆ ಬಣ್ಣದ ಹಂಡೆಗಳ ನಡುವೆ ನಿಂತು ನೇಕಾರರಿಗೆಲ್ಲ ಪೇಪರು ಓದಿ ಹೇಳುತ್ತಿದ್ದವರು. ತೀರಿಕೊಂಡು ಬಹಳ ವರ್ಷ ಆಗಿರಲಿಲ್ಲ. ಮಹಬೂಬಸಾಬ ಎದ್ದು ನಿಂತ. “ಸತ್ತವರ ಬಾಯಿ ಸುಳ್ಳ ಅಂದಿ. ಆತು ಬಿಡು,” ಎಂದ. ಆವತ್ತಿನಿಂದ ಮಾತು ಬಿಟ್ಟ.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಕ್ರಮವಿದೆ. ಮಾತು ಬಿಟ್ಟವರು ಭೇಟಿ ಬಿಡುವುದಿಲ್ಲ. ಅದೇ ಅಂಗಡಿಗೆ ಬರುತ್ತಾರೆ, ಅದೇ ಚೀಲದ ಮೇಲೆ ಮೊಳಕೈ ತಾಗುವಂತೆ ಕೂಡುತ್ತಾರೆ. ಮಾತು ಮಾತ್ರ ಮೂರನೆಯವನ ಮೂಲಕ. ಆ ಮೂರನೆಯವನು ನಾನಾದೆ.

“ದಿವಾನಜಿ, ಚಹಾ ಆರಾಕ ಹತ್ತೇತಿ ಅಂತ ಅವರಿಗೆ ಹೇಳ್ರಿ,” ಎಂದು ಒಬ್ಬ.

“ಆರಿದ ಚಹಾನ ನನಗ ಸೇರತೈತಿ ಅಂತ ಅವರಿಗೆ ಹೇಳ್ರಿ,” ಎಂದು ಇನ್ನೊಬ್ಬ.

ಇಬ್ಬರಿಗೂ ಕಿವಿ ಸರಿಯಾಗಿಯೇ ಇದ್ದವು. ಆದರೂ ನಾನು ಹೇಳಲೇಬೇಕು. ಹೇಳದಿದ್ದರೆ ಕಾಯುತ್ತಾರೆ. ಇಷ್ಟೇ ಆಗಿದ್ದರೆ ನಿಭಾಯಿಸುತ್ತಿದ್ದೆ. ಇಬ್ಬರೂ ತಮ್ಮ ತಮ್ಮ ತಂಡದ ಯಜಮಾನರು. ಎದುರಾಳಿಯೊಡನೆ ಮಾತಿಲ್ಲದ ಮೇಲೆ ಟಾಸಿಗೆ ನಿಲ್ಲುವುದು ಹೇಗೆ, ಮ್ಯಾಟು ಎಷ್ಟು ಬಿಗಿಯಬೇಕೆಂದು ಒಪ್ಪುವುದು ಹೇಗೆ? ಆ ವರ್ಷ ಪಂದ್ಯ ಇಲ್ಲ ಎಂದಾಯಿತು. ಒಂದು ವರ್ಷ ನಿಂತದ್ದು ಮರುವರ್ಷ ತಾನಾಗಿ ಏಳುವುದಿಲ್ಲವೆಂದು ನನಗೆ ಗೊತ್ತಿತ್ತು. ವರ್ಷವಿಡೀ ಚಿಂತೆ ಮಾಡುವವನಿಗೆ ಪಂದ್ಯದ ಆ ಮೂರು ದಿನವೇ ಹಬ್ಬ. ಅಟ್ಟದ ಮೇಲಿನ ಮ್ಯಾಟನ್ನು ಇಲಿ ಕಡಿಯುವ ಸದ್ದು ಕೇಳಿದರೆ ನನ್ನನ್ನೇ ಕಡಿದಂತಾಗುತ್ತಿತ್ತು.

ಆಗ ಬಂತು ಕೊಲಂಬೊ. ಸುದ್ದಿ ಕೇಳಿ ಮಹಬೂಬಸಾಬ ನೀಲಿ ಕೈಯಲ್ಲೇ ಓಡಿಬಂದ. ಆಸ್ಟ್ರೇಲಿಯಾದವರು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಕೊಲಂಬೊದಲ್ಲಿ ಇಳಿದು ಒಂದು ದಿನ ಆಡಿ ಹೋಗುತ್ತಿದ್ದರೆಂದು ಅವನ ತಂದೆ ಹೇಳಿದ್ದರಂತೆ. ದೊರೆ ನಮ್ಮ ದೇಶದಲ್ಲಿ ಆಡಿದವನಲ್ಲ. ಅವನನ್ನು ಕಂಡವರು ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ಅಲ್ಲೇ ಇರಬೇಕು. “ಒಬ್ಬರ ಬಾಯೀಲೆ ಕೇಳ್ಕೊಂಡ ಬರ್ರಿ. ಅಷ್ಟ ಸಾಕು,” ಎಂದ. ಚನ್ನಪ್ಪ ಒಪ್ಪಿದ, ನನ್ನ ಮೂಲಕ. ಆದರೆ ಕೇಳಿದವರ ಮಾತು ಬೇಡ, ಕಂಡವರದೇ ಬೇಕು ಅಂತ ಅವರಿಗೆ ಹೇಳ್ರಿ ಎಂದ.

ರಾಮೇಶ್ವರ – ತಲೈಮನ್ನಾರ್

ಗದಗಿನಿಂದ ರಾಮೇಶ್ವರದವರೆಗಿನ ರೈಲುಗಳ ವಿಷಯ ಬಿಟ್ಟುಬಿಡುತ್ತೇನೆ. ಪ್ರತಿ ನಿಲ್ದಾಣದಲ್ಲೂ ಇಳಿದು ಇದು ಅದೇ ರೈಲು ಹೌದೋ ಅಲ್ಲವೋ ಎಂದು ಕೇಳಿದೆ. ಹೌದು ಎಂದರೂ ನಂಬಲಿಲ್ಲ.

ಹಡಗಿನ ಪ್ರಯಾಣ ದೊಡ್ಡದಲ್ಲ. ಮಧ್ಯಾಹ್ನದ ಊಟಕ್ಕೂ ಸಂಜೆಯ ಚಹಾಕ್ಕೂ ನಡುವೆ ಮುಗಿದುಹೋಗುತ್ತದೆ. ಆದರೆ ಆ ಊಟ ನನ್ನೊಳಗೆ ಉಳಿಯಲಿಲ್ಲ. ಸುತ್ತ ನೀರು, ನೀರಿಗೆ ದಂಡೆಯಿಲ್ಲ. ನಮ್ಮ ಕಡೆಯವರಿಗೆ ನೀರೆಂದರೆ ಕೊಡ, ಹಂಡೆ, ಹೆಚ್ಚೆಂದರೆ ಕೆರೆ. ಇಷ್ಟು ನೀರನ್ನು ಒಮ್ಮೆಲೇ ಕಂಡು, ಇದನ್ನು ತುಂಬಿಟ್ಟುಕೊಳ್ಳಲು ಯಾರಿಗೂ ಪಾತ್ರೆಯಿಲ್ಲವಲ್ಲ ಎಂದು ಸಂಕಟವಾಯಿತು. ಆಮೇಲಿನ ಸಂಕಟ ಹೊಟ್ಟೆಯದು.

ತಲೈಮನ್ನಾರಿನ ಕಟ್ಟೆಯಲ್ಲಿ ಕಸ್ಟಮ್ಸಿನವರು ನನ್ನ ಗಂಟು ಬಿಚ್ಚಿಸಿದರು. ಹೆಂಡತಿ ಕಟ್ಟಿಕೊಟ್ಟ ಕಟಕ ಜೋಳದ ರೊಟ್ಟಿಯ ಥಪ್ಪಿ ಹೊರಗೆ ಬಂತು. ಅಧಿಕಾರಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ಬಡಿದ, ಟಣ್ ಎಂದಿತು. ಗ್ರಾಮಫೋನಿನ ತಟ್ಟೆಯನ್ನು ನೋಡುವಂತೆ ಅಂಚು ಹಿಡಿದು ತಿರುಗಿಸಿದ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಬ್ರೆಡ್ಡು ಎಂದೆ. ಇದು ಬ್ರೆಡ್ಡಲ್ಲ ಎಂದ. ಬ್ರೆಡ್ಡೇ ಆದರೆ ತಿಂದು ತೋರಿಸು ಎಂದು ಸನ್ನೆ ಮಾಡಿದ. ಹಡಗಿನಲ್ಲಿ ಖಾಲಿಯಾದ ಹೊಟ್ಟೆಗೆ ಅದು ಶಿಕ್ಷೆಯೇನೂ ಆಗಿರಲಿಲ್ಲ. ನಾನು ಕಡಿದ ಸದ್ದಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನೂ ಒಂದು ಚೂರು ಬಾಯಿಗೆ ಹಾಕಿ, ಕೆಂಪು ಚಟ್ನಿಯ ಡಬ್ಬಿಗೆ ಬೆರಳು ಅದ್ದಿ ನೆಕ್ಕಿದ. ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ಹತ್ತಿತು. ಮುಗಿಯಿತು ನನ್ನ ಕತೆ, ಇಲ್ಲಿಂದಲೇ ವಾಪಸು ಎಂದುಕೊಂಡೆ. ಅವನು ಬಿಕ್ಕುತ್ತಲೇ ಠಸ್ಸೆ ಒತ್ತಿ, ಇನ್ನೊಂದು ರೊಟ್ಟಿ ಎತ್ತಿಕೊಂಡು, ಮುಂದಿನವರನ್ನು ಕರೆದ.

ಪೆಟ್ಟಾ

ಕೊಲಂಬೊದಲ್ಲಿ ವ್ಯಾಪಾರಿಗಳ ಓಣಿಗಳಿಗೆ ಪೆಟ್ಟಾ ಅನ್ನುತ್ತಾರೆ. ಕೈಗಾಡಿ, ಹಮಾಲರು, ಮೂಟೆಗಳ ನಡುವೆ ನುಗ್ಗಿ ಯೂಸುಫ್ ಭಾಯಿಯ ಅಂಗಡಿಗೆ ಕಾಲಿಟ್ಟ ಕೂಡಲೇ ಸಾಲಾಗಿ ಸೀನಿದೆ. ಮೆಣಸಿನಕಾಯಿಯ ಘಾಟು. ಮನೆ ಬಿಟ್ಟ ಮೇಲೆ ಮೊದಲ ಸಲ ಮನಸ್ಸಿಗೆ ನೆಮ್ಮದಿಯಾಯಿತು. ಯೂಸುಫ್ ಭಾಯಿಯ ಹಿಂದುಸ್ತಾನಿಗೂ ನಮ್ಮ ಗದಗಿನ ಹಿಂದುಸ್ತಾನಿಗೂ ಸಾಕಷ್ಟು ದೂರ. ಆದರೆ ಮೆಣಸಿನಕಾಯಿಯನ್ನು ಮುರಿದು, ಮೂಸಿ, ಬೆರಳಿಗೆ ತಿಕ್ಕಿ ತೋರಿಸಿದರೆ ಭಾಷೆಯ ಕೆಲಸ ಕಡಿಮೆ. ಬಣ್ಣದ ತಕರಾರು ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಮೂಟೆಗಳನ್ನು ಹಸಿ ಗೋಡೆಗೆ ಒತ್ತಿ ಇಟ್ಟಿದ್ದರು. ಅವರೇ ನಕ್ಕು ಜಾಗ ಬದಲಿಸಿದರು.

ಚಹಾ ಬಂತು. ಹಾಲಿಲ್ಲದ ಕಪ್ಪು ಚಹಾ, ಪಕ್ಕದಲ್ಲಿ ಒಂದು ತುಂಡು ಬೆಲ್ಲ. ಬೆಲ್ಲ ಹಾಕಿ ಕಲಸಿಬಿಟ್ಟೆ. ಅಂಗಡಿಯವರೆಲ್ಲ ನನ್ನನ್ನೇ ನೋಡಿದರು. ಅಲ್ಲಿ ಬೆಲ್ಲವನ್ನು ಅಂಗೈಯಲ್ಲಿ ಹಿಡಿದು ಒಂದಿಷ್ಟು ಕಚ್ಚುವುದು, ಒಂದು ಗುಟುಕು ಕುಡಿಯುವುದು. ನಮ್ಮ ಕಡೆ ಚಹಾ ಎಂದರೆ ಕುದಿಸಿ ಕುದಿಸಿ ಎಲ್ಲವನ್ನೂ ಒಂದು ಮಾಡುವುದು. ಇವರು ಸಿಹಿಯನ್ನೂ ಕಹಿಯನ್ನೂ ಬೇರೆ ಇಟ್ಟು ಎರಡನ್ನೂ ಸರಿಯಾಗಿ ಸವಿಯುತ್ತಾರೆ. ಮಹಬೂಬಸಾಬ, ಚನ್ನಪ್ಪ ಇಬ್ಬರನ್ನೂ ಇಲ್ಲಿಗೆ ಕರೆತರಬೇಕಿತ್ತು ಅನ್ನಿಸಿತು.

ದೊರೆಯ ಮಾತು ತೆಗೆದದ್ದೇ ತಡ, ಯೂಸುಫ್ ಭಾಯಿ ತಮ್ಮ ಲೆಕ್ಕ ಬರೆಯುವ ಸಿರಿಸೇನನನ್ನು ಕರೆದರು. ಅವನು ಚಿಕ್ಕಂದಿನಲ್ಲಿ ಮೈದಾನದ ಹೊರಗಿನ ತೆಂಗಿನ ಮರ ಹತ್ತಿ ದೊರೆಯನ್ನು ನೋಡಿದ್ದನಂತೆ. ನಾನು ಹಿಗ್ಗಿದೆ. ಹೇಗೆ ಆಡಿದ ಎಂದು ಕೇಳಿದೆ. ಸಿರಿಸೇನ ಪ್ರಾಮಾಣಿಕ ಮನುಷ್ಯ. ಮರದಿಂದ ಮೈದಾನದ ಒಂದು ಮೂಲೆ ಮಾತ್ರ ಕಾಣುತ್ತಿತ್ತು, ಅಲ್ಲಿ ಆಗಾಗ ಒಂದು ಟೋಪಿ ಹಾದುಹೋಗುತ್ತಿತ್ತು, ಅದು ದೊರೆಯದೇ ಇರಬೇಕು ಎಂದ. ಬರೀ ಟೋಪಿಯನ್ನು ಹಿಡಿದುಕೊಂಡು ಗದಗಿಗೆ ಹೋದರೆ ಚನ್ನಪ್ಪ ನನ್ನನ್ನೇ ಚೀಲದಲ್ಲಿ ತುಂಬುತ್ತಿದ್ದ.

ಯೂಸುಫ್ ಭಾಯಿ ಧೈರ್ಯ ಹೇಳಿದರು. ಅಂಚೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಪೆರೇರಾ ಎಂಬವರಿದ್ದಾರೆ, ಅವರು ಮೈದಾನದ ಒಳಗೇ ಕೂತು ನೋಡಿದವರು, ಮದುವೆ ಮುಂಜಿಗಳಲ್ಲಿ ಅವರಿಂದ ದೊರೆಯ ಕತೆ ಹೇಳಿಸದೆ ಊಟಕ್ಕೆ ಏಳುವುದಿಲ್ಲ, ನಾಳೆಯೇ ಹೋಗೋಣ ಎಂದರು.

ಹುಣ್ಣಿಮೆ

ಮರುದಿನ ಎದ್ದು ನೋಡಿದರೆ ಪೆಟ್ಟಾ ಸತ್ತುಬಿದ್ದಿತ್ತು. ಒಂದು ಬಾಗಿಲೂ ತೆರೆದಿಲ್ಲ. ಗಲಾಟೆಯೇ, ಕರ್ಫ್ಯೂವೇ, ನಮ್ಮ ಮಾಲಕರಿಗೆ ತಂತಿ ಕೊಡಲೇ ಎಂದು ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದೆ. ವಿಷಯ ಇಷ್ಟೇ: ಅವತ್ತು ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಗೂ ದೇಶವೇ ರಜೆ ಹಾಕುತ್ತದೆ. ಜನ ಬಿಳಿ ಬಟ್ಟೆ ಉಟ್ಟು, ಹೂ ಹಿಡಿದು, ಸದ್ದಿಲ್ಲದೆ ವಿಹಾರಗಳಿಗೆ ನಡೆದಿದ್ದರು. ತಿಂಗಳಿಗೊಮ್ಮೆ ಇಡೀ ಊರು ಸುಮ್ಮನಾಗುವುದು ನನಗೆ ಬಹಳ ಹಿಡಿಸಿತು. ನಮ್ಮ ಮಾರುಕಟ್ಟೆಯಲ್ಲಿ ಹೀಗೆ ಮಾಡಿದರೆ ಎರಡನೆಯ ತಿಂಗಳು ಹುಣ್ಣಿಮೆ ಯಾವತ್ತು ಎಂಬುದರ ಮೇಲೇ ಜಗಳ ಆಗುತ್ತದೆ.

ಓಡಾಡುವ ಗಾಡಿಗಳಿಲ್ಲದ ಬೀದಿಯಲ್ಲಿ ಹುಡುಗರ ಕ್ರಿಕೆಟ್ ನಡೆದಿತ್ತು. ತೆಂಗಿನ ಗರಿಯ ದಿಂಡು ಕೆತ್ತಿದ ಬ್ಯಾಟು. ನಮ್ಮಲ್ಲಿ ಬಡಗಿಯ ಹಲಗೆ, ಅವರಲ್ಲಿ ತೆಂಗಿನ ದಿಂಡು, ಉಳಿದದ್ದೆಲ್ಲ ಒಂದೇ. ಔಟಾದವನು ಔಟಲ್ಲ ಎಂದು ವಾದಿಸುವಾಗ ಕೈ ಎತ್ತುವ ರೀತಿಯೂ ಒಂದೇ. ನನ್ನನ್ನು ಅಂಪೈರ್ ಮಾಡಿದರು. ಮೊದಲನೆಯ ತೀರ್ಪು ಕೊಟ್ಟ ಮೇಲೆ ಅದು ಸರಿಯೋ ತಪ್ಪೋ ಎಂದು ನಾನು ಇನ್ನೂ ಯೋಚಿಸುತ್ತಿರುವಾಗಲೇ ನನ್ನನ್ನು ತೆಗೆದು ಬೇರೆಯವರನ್ನು ನಿಲ್ಲಿಸಿದರು. ಅವರ ಆ ತೀರ್ಪಿನ ಬಗ್ಗೆ ನನಗೇನೂ ತಕರಾರಿರಲಿಲ್ಲ.

ನುಗೇಗೊಡ

ಆ ಸಂಜೆ ಯೂಸುಫ್ ಭಾಯಿ ನನ್ನನ್ನು ಕರೆದೊಯ್ದ ಪೆರೇರಾ ಅವರ ಮನೆ ಊರ ಹೊರಗಿನ ನುಗೇಗೊಡ ಎಂಬ ಕಡೆ. ಹೆಂಚಿನ ಮನೆ, ಮುಂದೆ ಬೆತ್ತದ ಕುರ್ಚಿಗಳು, ಹಲಸಿನ ಮರ. ಅವರು ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಂಚೆಯವರ ಶಿಸ್ತು. ಯೂಸುಫ್ ಭಾಯಿ ಅವರ ಇಂಗ್ಲಿಷನ್ನು ಹಿಂದುಸ್ತಾನಿಗೆ ತಿರುಗಿಸುತ್ತಿದ್ದರು. ಬಹಳ ತಿರುಗಿಸಬೇಕಾಗಿರಲಿಲ್ಲ; ಕ್ರಿಕೆಟ್ಟಿನ ಇಂಗ್ಲಿಷು ನನಗೆ ರೇಡಿಯೋ ಕಲಿಸಿತ್ತು.

ಅವರು ಎದ್ದು ನಿಂತೇ ಕತೆ ಹೇಳಿದರು. ದೊರೆ ಬಂದದ್ದು, ಜನ ಎದ್ದು ನಿಂತದ್ದು, ಮೊದಲ ಚೆಂಡು ಹುಲ್ಲು ಸೀಳಿಕೊಂಡು ಹಗ್ಗ ದಾಟಿದ್ದು, ಎರಡನೆಯದು ಅದರ ಬೆನ್ನಿಗೇ ಹೋದದ್ದು. ಇದನ್ನು ಒಂದಕ್ಷರ ಬಿಡದೆ ಒಪ್ಪಿಸಿದರೆ ಚನ್ನಪ್ಪ ಸೋತ, ಮಹಬೂಬಸಾಬನ ತಂದೆ ಗೆದ್ದರು, ಪಂದ್ಯ ನಡೆಯಿತು ಎಂದು ಲೆಕ್ಕ ಹಾಕಿದೆ. ಶ್ರೀಮತಿ ಪೆರೇರಾ ಚಹಾ ತಂದಿಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತರು. ಐವತ್ತು ದಾಟಿದ, ನಗುಮುಖದ, ಚಿಕ್ಕ ಮೈಕಟ್ಟಿನ ಹೆಂಗಸು. ಗಂಡ ಬೌಂಡರಿ ಹೊಡೆಸುವಾಗಲೆಲ್ಲ ಅವರ ಸೂಜಿ ಒಂದು ಗಳಿಗೆ ನಿಲ್ಲುತ್ತಿತ್ತು.

ಕತೆ ಮುಗಿದ ಮೇಲೆ, ಇಷ್ಟು ದೂರ ಬಂದು ಇದನ್ನೇ ಏಕೆ ಕೇಳುತ್ತೀರಿ ಎಂದು ಪೆರೇರಾ ಕೇಳಿದರು. ನಾನು ಎಲ್ಲ ಹೇಳಿದೆ. ಒಂದೇ ಬೆಂಚಿನ ಇಬ್ಬರು, ತೀರಿಕೊಂಡ ತಂದೆಯ ಮಾತು, ಆರುವ ಚಹಾ, ನಿಂತುಹೋದ ಪಂದ್ಯ. ಕಣ್ಣಾರೆ ಕಂಡ ಒಬ್ಬರ ಮಾತು ಸಿಕ್ಕರೆ ಒಪ್ಪುತ್ತೇನೆಂದು ಚನ್ನಪ್ಪ ಹೇಳಿದ್ದನ್ನೂ ಹೇಳಿದೆ. ಯೂಸುಫ್ ಭಾಯಿ ಅದನ್ನೆಲ್ಲ ನಿಧಾನವಾಗಿ ಇಂಗ್ಲಿಷಿಗೆ ಹಾಕಿದರು.

ಶ್ರೀಮತಿ ಪೆರೇರಾ ಹೆಣಿಗೆ ಕೆಳಗಿಟ್ಟರು.

“ಹಾಗಾದರೆ ನಾನು ಹೇಳಬೇಕಾಗುತ್ತದೆ,” ಎಂದರು. “ಅವನು ಆಡುವಾಗ ಇವರು ಅಲ್ಲಿರಲಿಲ್ಲ.”

ಪೆರೇರಾ ಕುರ್ಚಿಯಲ್ಲಿ ಕೂತರು. ಸಿಟ್ಟಿನಿಂದಲ್ಲ, ಬಸ್ಸಿನಲ್ಲಿ ಟಿಕೀಟಿಲ್ಲದವನು ಟಿಕೀಟು ತೋರಿಸಿ ಎಂದಾಗ ಕೂಡುವಂತೆ.

ಆಗ ಅವರಿಗೆ ಮದುವೆಯಾಗಿ ಕೆಲವೇ ತಿಂಗಳು. ಇಬ್ಬರೂ ಒಟ್ಟಿಗೆ ಹೋಗಿದ್ದರು. ಬಿಸಿಲು ಬಹಳ. ಹೊಸ ಹೆಂಡತಿ ಬಾಯಾರಿದೆ ಎಂದಳು. ಗಂಡ ಶುಂಠಿಯ ಸೋಡಾ ತರಲು ಹೋದ. ಅಂಗಡಿಯ ಮುಂದೆ ಜನವೋ ಜನ. ಅವನು ಎರಡು ಬಾಟಲಿ ಹಿಡಿದು ಬೆವರುತ್ತ ಬರುವಷ್ಟರಲ್ಲಿ ದೊರೆ ಬಂದು, ಆಡಿ, ಹೋಗಿಯಾಗಿತ್ತು. ಆ ಸಂಜೆ ಮನೆಗೆ ನಡೆದುಬರುವಾಗ ಗಂಡ ದಾರಿಯುದ್ದಕ್ಕೂ ಕೇಳಿದ, ಹೆಂಡತಿ ಹೇಳಿದಳು. ಮರುದಿನ ಕಚೇರಿಯಲ್ಲಿ ಅವನು ಹೇಳಿದ. ಅಂದಿನಿಂದ ಹೇಳುತ್ತಲೇ ಇದ್ದಾನೆ.

“ನನಗೋಸ್ಕರ ಹೋಗಿ ತಪ್ಪಿಸಿಕೊಂಡರು,” ಎಂದರು ಆಕೆ. “ಅದಕ್ಕೇ ಕತೆಯನ್ನು ಅವರಿಗೆ ಕೊಟ್ಟೆ. ಬೌಂಡರಿಗಳು ಆಮೇಲೆ ಬಂದವು.”

ಒಬ್ಬರ ಜಗಳ ಬಿಡಿಸಲು ಬಂದು ಇನ್ನೊಬ್ಬರ ಸಂಸಾರ ಕೆಡಿಸಿದೆನೇ ಎಂದು ಪೆರೇರಾ ಅವರ ಮುಖ ನೋಡಿದೆ. ಅವರು ಹೆಂಡತಿಯ ಕಡೆ ತಿರುಗಿ ಬೇರೇನನ್ನೋ ಕಾಯುತ್ತಿದ್ದರು. ನೀವೇನು ಕಂಡಿರಿ ಎಂದು ನಾನು ಆಕೆಯನ್ನು ಕೇಳಿದೆ. ಇಷ್ಟು ವರ್ಷದಲ್ಲಿ ಆಕೆಯನ್ನು ಈ ಪ್ರಶ್ನೆ ಕೇಳಿದ ಹೊರಗಿನವರು ನಾನೇ ಮೊದಲಂತೆ. ಮದುವೆಮನೆಗಳಲ್ಲಿ ಕ್ರಿಕೆಟ್ಟಿನ ಮಾತು ಬಂದಾಗ ಹೆಂಗಸರನ್ನು ಯಾರು ಕೇಳುತ್ತಾರೆ?

ಆಕೆ ಎದ್ದರು. ಮೂಲೆಯಲ್ಲಿದ್ದ ಗಂಡನ ಛತ್ರಿ ತೆಗೆದುಕೊಂಡು, ಸೀರೆಯ ನೆರಿಗೆ ಒಂದಿಷ್ಟು ಎತ್ತಿ, ಜಗುಲಿಯ ನಡುವೆ ನಿಂತರು. ಮೊಣಕಾಲು ಸ್ವಲ್ಪ ಸಡಿಲ, ತಲೆ ಅಲ್ಲಾಡಲಿಲ್ಲ. ಕಾಣದ ಚೆಂಡು ಬಂತು. ಆಕೆ ಒಂದು ಹೆಜ್ಜೆ ಒಳಗೆ ಸರಿದು, ಛತ್ರಿಯನ್ನು ಭುಜದ ಮೇಲಕ್ಕೆ ಎತ್ತಿ, ಚೆಂಡನ್ನು ಹೋಗಗೊಟ್ಟರು. ಕಣ್ಣು ಮಾತ್ರ ಅದರ ಹಿಂದೆ ಗೋಡೆಯವರೆಗೂ ಹೋಯಿತು. ಆಮೇಲೆ ಹಿಂದೆ ತಿರುಗಿ, ಅಲ್ಲಿ ಇಲ್ಲದ ವಿಕೆಟ್‌ಕೀಪರನಿಗೆ ಏನೋ ಹೇಳಿ ನಕ್ಕರು.

ಇಷ್ಟೇ ತನಗೆ ಸ್ಪಷ್ಟವಾಗಿ ನೆನಪಿರುವುದು ಎಂದರು. ಹೊಡೆದನೋ, ಎಷ್ಟು ಹೊಡೆದನೋ, ಎಣಿಸಲಿಲ್ಲ. ಇಡೀ ಮೈದಾನ ಉಸಿರು ಹಿಡಿದು ಕೂತಿದ್ದಾಗ ಅವನೊಬ್ಬ ಬಾಯಿಬಿಟ್ಟು ನಕ್ಕ, ಅದನ್ನು ಮರೆಯಲಾಗಲಿಲ್ಲ.

“ಅವನು ನಕ್ಕದ್ದನ್ನು ನೀನು ನನಗೆ ಹೇಳಲೇ ಇಲ್ಲ,” ಎಂದರು ಪೆರೇರಾ. ಅವರ ದನಿಯಲ್ಲಿ ಇದ್ದದ್ದು ಕತೆ ಕಳೆದುಹೋದ ದುಃಖವಲ್ಲ, ಹೊಸದೊಂದು ಸಿಕ್ಕ ಆಸೆ.

“ನೀವು ರನ್ನು ಕೇಳಿದಿರಿ.”

ಹೊರಡುವಾಗ ನಾನು ಕಾರ್ಯದರ್ಶಿಯ ಕರ್ತವ್ಯ ಮರೆಯಲಿಲ್ಲ. ಅವನೇ ಎಲ್ಲರಿಗಿಂತ ದೊಡ್ಡವನೇ ಎಂದು ಕೇಳಿದೆ. ತಾನು ಕಂಡದ್ದು ಅವನೊಬ್ಬನನ್ನೇ, ಒಬ್ಬನನ್ನೇ ಕಂಡವಳು ದೊಡ್ಡವನು ಚಿಕ್ಕವನು ಎಂದು ಹೇಗೆ ಹೇಳಲಿ ಎಂದರು. ಗೇಟಿನವರೆಗೆ ಬಂದು ನಾನು ಹಿಂದಿರುಗಿ ನೋಡಿದಾಗ ಪೆರೇರಾ ಛತ್ರಿ ಹಿಡಿದು ಜಗುಲಿಯಲ್ಲಿ ನಿಂತಿದ್ದರು. ಹೆಂಡತಿ ಅವರ ಮೊಣಕಾಲು ತಟ್ಟಿ ಸಡಿಲಿಸುತ್ತಿದ್ದರು.

ಮತ್ತೆ ಹಡಗು

ವಾಪಸಿನ ಹಡಗಿನಲ್ಲಿ ಹೊಟ್ಟೆ ಸರಿಯಾಗಿತ್ತು, ಮನಸ್ಸು ಸರಿಯಿರಲಿಲ್ಲ. ನಾನು ಒಯ್ಯುತ್ತಿದ್ದ ಮಾಲಾದರೂ ಏನು? ದೊರೆ ಒಂದು ಚೆಂಡು ಬಿಟ್ಟ, ನಕ್ಕ. ಇದಕ್ಕೆ ಚನ್ನಪ್ಪ ಎಷ್ಟು ದರ ಕಟ್ಟಬಹುದು? ಪೆರೇರಾ ಅವರ ಕತೆಯನ್ನೇ ಒಪ್ಪಿಸಿಬಿಡು ಎಂದು ಮನಸ್ಸಿನ ಅರ್ಧ ಹೇಳಿತು. ಸಾಕ್ಷಿ ಸಮುದ್ರದ ಆಚೆ ಇದ್ದಾರೆ, ಪರೀಕ್ಷಿಸಲು ಯಾರು ಹೋಗುತ್ತಾರೆ? ಎರಡು ಬೌಂಡರಿಗಳನ್ನು ಗುಂಡಿ ಹಾಕಿದ ಜೇಬಿನಲ್ಲಿಟ್ಟುಕೊಂಡಂತೆ ಅವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಆದರೆ ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳಬೇಕು. ಕೀಲಿ ಹಾಕಿದ್ದನ್ನೇ ನೆನಪಿಟ್ಟುಕೊಳ್ಳಲಾರದ ನಾನು ಇನ್ನುಳಿದ ಆಯುಷ್ಯವೆಲ್ಲ ಎರಡು ಬೌಂಡರಿ ಕಾಯುವುದು ಆಗದ ಮಾತು. ಕಂಡದ್ದನ್ನೇ ಹೇಳುವುದು, ಆಮೇಲೆ ಅಟ್ಟದ ಮ್ಯಾಟು ಇಲಿಗಳಿಗೆ ಎಂದು ತೀರ್ಮಾನಿಸಿದ ಮೇಲೆ ಸಮುದ್ರ ಸ್ವಲ್ಪ ಚಂದ ಕಂಡಿತು.

ಮತ್ತೆ ಗದಗ

ರೈಲು ಗದಗಿನಲ್ಲಿ ನಿಂತಾಗ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಮಹಬೂಬಸಾಬ, ಈ ತುದಿಯಲ್ಲಿ ಚನ್ನಪ್ಪ. ಯಾರ ಕಡೆ ಮೊದಲು ಹೋದರೂ ತೀರ್ಪು ಕೊಟ್ಟಂತಾಗುತ್ತದೆ. ನಾನು ಇಬ್ಬರನ್ನೂ ನೋಡದವನಂತೆ ನಡುವಿನ ಗೇಟಿನಿಂದ ಹೊರಬಿದ್ದೆ. ಅಂಗಡಿ ಮುಟ್ಟುವ ಹೊತ್ತಿಗೆ ಇಬ್ಬರೂ ಚೀಲದ ಮೇಲೆ ಕೂತಿದ್ದರು.

ಎಲ್ಲ ಹೇಳಿದೆ. ಟೋಪಿ, ಶುಂಠಿ ಸೋಡಾ, ಹೆಣಿಗೆ, ಛತ್ರಿ. ಮಹಬೂಬಸಾಬ ನೆಲ ನೋಡುತ್ತಿದ್ದ. ಆ ವಾರ ಅವನ ಕೈ ಕೆಂಪಗಿದ್ದವು. ಮುಗಿದ ಮೇಲೆ ಚನ್ನಪ್ಪ ಗಂಟಲು ಸರಿಮಾಡಿಕೊಂಡ. ಬಂತು ತೀರ್ಪು ಎಂದು ನಾನು ಸೀನಲು ಬಂದದ್ದನ್ನೂ ತಡೆದುಕೊಂಡೆ.

“ದಿವಾನಜಿ, ಅವರಿಗೆ ಹೇಳ್ರಿ,” ಎಂದ. “ನಾ ಬೆಂಗಳೂರಿಗೆ ಹೋದಾಗ, ಗಿಡ್ಡ ಆಡೂ ಮುಂದ, ಬಿಸಲ ತಡೀಲಾರದ ಟಾವೆಲ್ ಕಣ್ಣಿನ ಮ್ಯಾಲ ಹೊಚಗೊಂಡು, ಮೂಗಷ್ಟ ಹೊರಗ ಬಿಟ್ಟು, ನಿದ್ದಿ ಹೊಡದಿದ್ದೆ. ಬಾಜೂ ಕುಂತವರು ಹೇಳಿದ್ದನ್ನ ಬಂದು ನಿಮಗ ಹೇಳೀನಿ. ಎಲ್ಲಾರ ಅಪ್ಪಗೋಳು ಹೇಳೂದು ಹಿಂಗ ಇರತೈತಿ. ಅವರಪ್ಪನ್ನ ನಾ ಹಂಗ ಅನ್ನಬಾರದಿತ್ತು.”

ನಾನು ಹೇಳಿದೆ. ಹೇಳುವ ಅಗತ್ಯವಿರಲಿಲ್ಲ, ಆದರೂ ಒಂದಕ್ಷರ ಬಿಡದೆ, ಮಹಬೂಬಸಾಬನ ಮುಖ ನೋಡಿ ಹೇಳಿದೆ. ಟಾವೆಲ್ಲಿನ ಹತ್ತಿರ ಬಂದಾಗ ಅವನ ಮೀಸೆ ಅಲ್ಲಾಡಿತು. ಆದರೆ ಅವನು ಚನ್ನಪ್ಪನ ಕಡೆ ತಿರುಗಲಿಲ್ಲ.

“ಆ ಛತ್ರಿ ಹಿಡದ ಬಾಯಾರು ಹೆಂಗ ನಿಂತಿದ್ರು?” ಎಂದು ನನ್ನನ್ನೇ ಕೇಳಿದ. “ನೀವು ನಿಂತು ತೋರಸ್ರಿ.”

ಬ್ಯಾಟು ಹಿಡಿದ ಅಭ್ಯಾಸ ನನಗಿಲ್ಲ. ಹೆಂಡತಿ ಮಳೆಗೆಂದು ಕೊಟ್ಟಿದ್ದ ಕೊಡೆ ಗಂಟಿನಲ್ಲಿತ್ತು. ಅದನ್ನು ತೆಗೆದು, ಮೆಣಸಿನಕಾಯಿಯ ರಾಶಿಗಳ ನಡುವೆ ಅಂಗಳದಲ್ಲಿ ನಿಂತೆ. ಮೂಟೆ ಹೊತ್ತ ಹಮಾಲರು ದಾರಿಗಾಗಿ ಕಾಯುತ್ತ ನಿಂತರು. ಮೊಣಕಾಲು ಸಡಿಲ ಮಾಡಿದೆ. ಒಳಗೆ ಸರಿದೆ. 

“ಅಲ್ರೀ, ಹಿಂಗ ನಿಂತ್ರ ಚೆಂಡು ಹಲ್ಲಿಗೆ ಬೀಳತೈತಿ,” ಎಂದು ಮಹಬೂಬಸಾಬ ಎದ್ದು ಬಂದು ನನ್ನ ಎಡ ಮೊಳಕೈ ಹಿಡಿದು ಎತ್ತಿದ. ನನ್ನ ಅಂಗಿಗೆ ಕೆಂಪು ಹತ್ತಿತು. ಚನ್ನಪ್ಪನಿಗೂ ಕೂತಿರಲಾಗಲಿಲ್ಲ. ಬಂದು ನನ್ನ ಬಲಗಾಲನ್ನು ತನ್ನ ಕಾಲಿನಿಂದ ಹಿಂದಕ್ಕೆ ತಳ್ಳಿದ. ಒಬ್ಬ ಮೇಲಕ್ಕೆ, ಒಬ್ಬ ಹಿಂದಕ್ಕೆ. ನಾನು ಇಬ್ಬರ ನಡುವೆ ವಾಲಿದೆ.

“ಲೇ ಚನ್ನ, ಇನ್ನೊಂದೀಟ ಹಿಂದಕ ಸರಸು ಆ ಕಾಲ. ಆಫ್ ಸ್ಟಂಪು ಎಲ್ಲೈತಿ ನೋಡಲ್ಲೆ.”

“ಕಾಲ ಸರಿ ಐತೋ ಮಾರಾಯ, ನೀ ಆ ಮೊಳಕೈ ಬಿಡು. ಹಿಂಗ ಎತ್ತಿದ್ರ ಅದು ಬಿಟ್ಟಂಗಲ್ಲ, ಹೆದರಿದಂಗ.”

“ದೊರಿ ಹಿಂಗ ಎತ್ತತಿದ್ದ.”

“ನೀ ಕಂಡೀಯೇನು?”

“ನೀ ಮಲಕ್ಕೊಂಡೀ.”

ಹಮಾಲರೊಬ್ಬರು, ದಾರಿ ಬಿಡ್ರೀ ದಿವಾನಜಿ, ಚೀಲ ವಜ್ಜಾ ಆಗೇತಿ ಎಂದರು. ಒಳಗಿನಿಂದ ಮಾಲಕರು ಕೊಲಂಬೊದ ಬಣ್ಣದ ವಿಷಯ ಏನಾಯಿತೆಂದು ಕೂಗಿದರು. ಕೊಡೆ ಭುಜದ ಮೇಲೆ ಭಾರವಾಗುತ್ತಿತ್ತು. ಅವರಿಬ್ಬರೂ ನನ್ನ ಮೈಮೇಲೆ ಬಾಗಿ ಕೂಗಾಡುತ್ತಿದ್ದರು, ಒಬ್ಬನ ಉಸಿರು ಈ ಕಿವಿಗೆ, ಇನ್ನೊಬ್ಬನದು ಆ ಕಿವಿಗೆ. ನಾನು ಕೊಡೆ ಇಳಿಸಲಿಲ್ಲ. ಇಳಿಸಿದರೆ ಎಲ್ಲಿ ಮಾತು ನಿಂತುಬಿಡುತ್ತದೋ ಎಂಬ ಚಿಂತೆ.